ಸ್ಯಾಶ್ ಕಿಟಕಿ ಬದಲಾಯಿಸಲಿಲ್ಲ, ರಿಪೇರಿ ಮಾಡಿಸಿದೆವು: ನಾಲ್ಕು ಚಳಿಗಾಲದ ಅನುಭವ

ಇಂಗ್ಲೆಂಡಿನಲ್ಲಿ ಹಳೇ ಮನೆ ಕೊಂಡ ಕನ್ನಡದವರು ಸಿಕ್ಕಾಗಲೆಲ್ಲ ಒಂದು ಪ್ರಶ್ನೆ ಬಂದೇ ಬರುತ್ತದೆ. "ಕಿಟಕಿ ಏನ್ ಮಾಡಿದ್ರಿ?" ಪ್ರತಿ ಸಲ ಅರ್ಧಂಬರ್ಧ ಹೇಳುವ ಬದಲು ಪೂರ್ತಿ ಬರೆದಿಡೋಣ ಅನ್ನಿಸಿತು. ನಮ್ಮ ಕಿಟಕಿ ಕೆಲಸ ಮುಗಿದಿದ್ದು 2021ರ ಸೆಪ್ಟೆಂಬರ್‌ನಲ್ಲಿ. ಆಮೇಲೆ ನಾಲ್ಕು ಚಳಿಗಾಲ, ನಾಲ್ಕು ಬೇಸಿಗೆ ಕಳೆದಿವೆ. ಹೊಸದರಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ ಅಲ್ವಾ? ಅದಕ್ಕೇ ಇಷ್ಟು ದಿನ ಕಾದೆ.

ಮನೆ ಇರುವುದು ರೀಡಿಂಗ್ ಅನ್ನುವ ಊರಿನಲ್ಲಿ. 1890ರ ದಶಕದ ಇಟ್ಟಿಗೆ ಮನೆ, ಸಾಲುಮನೆಗಳಲ್ಲಿ ಒಂದು. ಹಂಟ್ಲಿ ಅಂಡ್ ಪಾಮರ್ಸ್ ಬಿಸ್ಕತ್ತು ಕಾರ್ಖಾನೆ ಜೋರಾಗಿ ನಡೆಯುತ್ತಿದ್ದ ಕಾಲದಲ್ಲಿ ಎದ್ದ ಬೀದಿ. ಒಟ್ಟು ಏಳು ಸ್ಯಾಶ್ ಕಿಟಕಿ. ಮುಂದಿನ ಕೋಣೆಯಲ್ಲಿ ಮೂರು, ಅದರ ಮೇಲಿನ ಬೆಡ್‌ರೂಮಿನಲ್ಲಿ ಎರಡು, ಊಟದ ಕೋಣೆಗೆ ಒಂದು, ಹಿಂದಿನ ಬೆಡ್‌ರೂಮಿಗೆ ಒಂದು. ಅಡುಗೆಮನೆಗೆ ಮಾತ್ರ ಹಿಂದಿನ ಮಾಲೀಕರು ಯುಪಿವಿಸಿ, ಅಂದರೆ ಗಟ್ಟಿ ಪ್ಲಾಸ್ಟಿಕ್ ಚೌಕಟ್ಟಿನ ಕಿಟಕಿ ಹಾಕಿಸಿದ್ದರು. ಆರನ್ನು ರಿಪೇರಿ ಮಾಡಿಸಿದೆವು, ಒಂದನ್ನು ಬದಲಾಯಿಸಿದೆವು, ಯುಪಿವಿಸಿಯನ್ನು ಹಾಗೇ ಬಿಟ್ಟೆವು. ಹಾಗಾಗಿ ಮೂರು ಬಗೆಯೂ ಒಂದೇ ಮನೆಯಲ್ಲಿವೆ, ದಿನಾ ಕೈಯಲ್ಲಿ ತೆಗೆದು ಹಾಕಿ ಹೋಲಿಸಿ ನೋಡಬಹುದು.

ಊರಿನಲ್ಲಿ ಇದ್ದವರಿಗೆ ಸ್ಯಾಶ್ ಕಿಟಕಿ ಅಂದರೆ ಏನು ಅಂತ ಹೇಳಬೇಕು. ಇದು ಹೊರಗೆ ತಳ್ಳಿ ತೆಗೆಯುವ ಕಿಟಕಿಯಲ್ಲ. ಗಾಜಿನ ಎರಡು ಚೌಕಟ್ಟು, ಒಂದು ಮೇಲೆ, ಒಂದು ಕೆಳಗೆ. ಎರಡೂ ಮೇಲಕ್ಕೂ ಕೆಳಕ್ಕೂ ಜಾರುತ್ತವೆ. ಪಕ್ಕದ ಕಂಬದ ಒಳಗೆ ಟೊಳ್ಳು ಪೆಟ್ಟಿಗೆ ಇರುತ್ತದೆ. ಅದರೊಳಗೆ ಲಟ್ಟಣಿಗೆಯಷ್ಟು ದಪ್ಪದ ಎರಕದ ಕಬ್ಬಿಣದ ಗುಂಡು ಹಗ್ಗದಲ್ಲಿ ನೇತಾಡುತ್ತಿರುತ್ತದೆ. ಆ ಹಗ್ಗ ಮೇಲಿರುವ ಪುಟ್ಟ ರಾಟೆಯನ್ನು ದಾಟಿ ಬಂದು ಚೌಕಟ್ಟಿನ ಅಂಚಿಗೆ ಸೇರುತ್ತದೆ. ಬಾವಿಯಿಂದ ನೀರು ಸೇದಿದವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಕೊಡದ ಭಾರಕ್ಕೆ ಸರಿಯಾದ ಭಾರ ಹಗ್ಗದ ಇನ್ನೊಂದು ತುದಿಯಲ್ಲಿದ್ದರೆ ಕೊಡ ಎಷ್ಟು ಹಗುರ ಆಗುತ್ತಿತ್ತು! ಹಾಗೇ ಇಪ್ಪತ್ತು ಕಿಲೋ ಗಾಜು ಮರವನ್ನು ಇಲ್ಲಿ ಎರಡು ಬೆರಳಲ್ಲಿ ಎತ್ತಬಹುದು. ಕೆಲಸ ಸರಿಯಾಗಿದ್ದರೆ ಮಾತ್ರ.

ನಾವು ಬಂದಾಗ ಏನೂ ಸರಿ ಇರಲಿಲ್ಲ. ಅದು 2020ರ ನವೆಂಬರ್. ಮೊದಲ ರಾತ್ರಿಯೇ ಕಿಟಕಿ ಮುಚ್ಚಿದ್ದರೂ ಪರದೆ ಅಲ್ಲಾಡುತ್ತಿತ್ತು. ಬಸ್ಸು ಹೋದರೆ ಚೌಕಟ್ಟುಗಳು ಗಡಗಡ ಅನ್ನುತ್ತಿದ್ದವು. ಮೇಲಿನ ಚೌಕಟ್ಟುಗಳು ಬಣ್ಣದ ಮೇಲೆ ಬಣ್ಣ ಬಳಿದು ಅಂಟಿಹೋಗಿದ್ದವು, ಏಳರಲ್ಲಿ ಒಂದೂ ಇಳಿಯುತ್ತಿರಲಿಲ್ಲ. ಊಟದ ಕೋಣೆಯ ಕಿಟಕಿಯ ಎರಡೂ ಹಗ್ಗ ಹರಿದಿದ್ದವು, ಅದನ್ನು ಎತ್ತಿ ಮರದ ಸೌಟು ಕೊಟ್ಟು ನಿಲ್ಲಿಸುತ್ತಿದ್ದೆವು. ಒಂದು ದಿನ ಸೌಟು ಜಾರಿತು. ಚೌಕಟ್ಟು ದಬ್ ಅಂತ ಬಿದ್ದು ಗಾಜು ಸೀಳಿತು. ಮಗಳಿಗೆ ಆಗ ಮೂರು ವರ್ಷ. ಅವಳ ಕೈ ಅಲ್ಲಿ ಇರಲಿಲ್ಲ ಅನ್ನುವುದೊಂದೇ ಪುಣ್ಯ. ಇನ್ನು ತಡ ಮಾಡಬಾರದು ಅಂತ ಅವತ್ತೇ ತೀರ್ಮಾನಿಸಿದೆವು.

ಮೂರು ಕಡೆ ರೇಟು ಕೇಳಿದೆವು. ಮೊದಲಿನವರು ಯುಪಿವಿಸಿ ಕಂಪನಿಯವರು. ಸಂಜೆ ಆರಕ್ಕೆ ಬಂದ ಮನುಷ್ಯ ಒಂಬತ್ತರವರೆಗೆ ಕೂತಿದ್ದ. 11,600 ಪೌಂಡ್ ಅಂತ ಶುರುವಾಗಿದ್ದು, ಇವತ್ತೇ ಸಹಿ ಹಾಕಿದರೆ 8,050 ಅನ್ನುವವರೆಗೆ ಇಳಿಯಿತು. ಮೂರು ಗಂಟೆಯಲ್ಲಿ ಮೂರೂವರೆ ಸಾವಿರ ಇಳಿಯುವ ಬೆಲೆಯ ಮೇಲೆ ನನಗೆ ನಂಬಿಕೆ ಬರಲಿಲ್ಲ. ಎರಡನೆಯವರು ಎಲ್ಲವನ್ನೂ ಹೊಸ ಮರದಲ್ಲಿ, ಡಬಲ್ ಗ್ಲೇಜಿಂಗ್ (ಎರಡು ಪದರದ ಗಾಜು) ಸಮೇತ ಮಾಡಿಕೊಡುತ್ತೇವೆ ಅಂದರು. ಕಿಟಕಿಗೆ 1,950, ಅಂದರೆ ಒಟ್ಟು 13,650. ಮೂರನೆಯವರು ಸ್ಯಾಶ್ ರಿಪೇರಿಯನ್ನೇ ಮಾಡುವ ಚಿಕ್ಕ ತಂಡ. ಹಗ್ಗ, ರಾಟೆ, ಕೊಳೆತ ಭಾಗ, ಗಾಳಿ ತಡೆಯುವ ಬ್ರಷ್ ಪಟ್ಟಿ, ಬಣ್ಣ, ತೆರಿಗೆ ಎಲ್ಲ ಸೇರಿ ಕಿಟಕಿಗೆ 540 ಪೌಂಡ್.

ನಾನು ಮನಸ್ಸು ಮಾಡಿದ್ದು ಬೆಲೆ ನೋಡಿ ಮಾತ್ರ ಅಲ್ಲ. ಈ ರಿಪೇರಿ ತಂಡದ ಬಡಗಿ ಒಂದು ಸ್ಕ್ರೂಡ್ರೈವರ್ ಹಿಡಿದು ಒಂದೊಂದೇ ಕಿಟಕಿಯ ಕೆಳಗಿನ ಮೂಲೆಗಳನ್ನು ಚುಚ್ಚುತ್ತಾ ಹೋದ. ಮುಂದಿನ ಕಿಟಕಿಗಳಲ್ಲಿ ಅದು ಬಣ್ಣದ ಕೆಳಗೆ ಟಕ್ ಅಂತ ನಿಲ್ಲುತ್ತಿತ್ತು. ಹಿಂದಿನ ಬೆಡ್‌ರೂಮಿನಲ್ಲಿ ಹೊರಗಿನ ಹಲಗೆಗೆ ಚುಚ್ಚಿದಾಗ ಹಿಡಿಯವರೆಗೂ ಒಳಗೆ ಹೋಯಿತು. ಬೆಣ್ಣೆಗೆ ಚುಚ್ಚಿದ ಹಾಗೆ. ಎಳೆದಾಗ ಒದ್ದೆ ಪುಡಿ ಬಂತು. "ಈ ಆರು ಉಳಿಯುತ್ತವೆ. ಇದೊಂದು ಹೋಯಿತು. ಇದಕ್ಕೆ ದುಡ್ಡು ಹಾಕಬೇಡಿ" ಅಂದ. ಎಲ್ಲಿ ಆಗುವುದಿಲ್ಲ ಅಂತ ಬಾಯಿಬಿಟ್ಟು ಹೇಳುವವನ ಮೇಲೆ ನಂಬಿಕೆ ಬರುತ್ತದೆ. ನೀವು ಯಾರನ್ನೇ ಕರೆಯಿರಿ, ಮರವನ್ನು ಚುಚ್ಚಿ ನೋಡದೆ ರೇಟು ಹೇಳುವವರಿಗೆ ಕೆಲಸ ಕೊಡಬೇಡಿ.

ಆ ಹಳೇ ಮರದ ಬಗ್ಗೆ ಒಂದು ಮಾತು ಹೇಳಲೇಬೇಕು. ಚೌಕಟ್ಟಿನ ಒಂದು ಕೊಳೆತ ಮೂಲೆಯನ್ನು ಕತ್ತರಿಸಿ ತೆಗೆದಾಗ ಆ ತುಂಡನ್ನು ಇಸಕೊಂಡೆ. ಇವತ್ತಿಗೂ ನನ್ನ ಮೇಜಿನ ಮೇಲಿದೆ. ಕೊಳೆತಿದ್ದು ತುದಿಯಲ್ಲಿ ಒಂದು ಬೆರಳಗಲ ಅಷ್ಟೇ. ಉಳಿದ ಕಡೆ ಗೆರೆಗಳು ಒತ್ತೊತ್ತಾಗಿ ಸೇರಿಕೊಂಡಿವೆ, ಒಂದು ಇಂಚಿಗೆ ಇಪ್ಪತ್ತೆರಡು ಎಣಿಸಿದೆ. ಪಕ್ಕದಲ್ಲಿ ಅಂಗಡಿಯಿಂದ ತಂದ ಹೊಸ ಪೈನ್ ತುಂಡು ಇಟ್ಟು ನೋಡಿದರೆ ಅದರಲ್ಲಿ ಏಳು. ಚಳಿ ದೇಶದ ಕಾಡಿನಲ್ಲಿ ನಿಧಾನವಾಗಿ ಬೆಳೆದ ಮರ ಅದು. ಗೆರೆ ಒತ್ತಾಗಿದ್ದಷ್ಟೂ ಮರ ಗಟ್ಟಿ, ನೀರು ಕುಡಿಯುವುದೂ ಕಡಿಮೆ. ಮಲೆನಾಡಿನಲ್ಲಿ ಹುಟ್ಟಿ ಬೆಳೆದವಳು ನಾನು. ತೀರ್ಥಹಳ್ಳಿಯ ನಮ್ಮ ಮನೆಯಲ್ಲಿ ಅಜ್ಜನ ಕಾಲದ ಕಿಟಕಿ, ಮರದ ಕಂಬಿ ಸಮೇತ ಇನ್ನೂ ಇದೆ. ಗಟ್ಟಿ ಮರವನ್ನು ಕಿತ್ತು ಕಸದ ತೊಟ್ಟಿಗೆ ಹಾಕಲು ನನಗೆ ಮನಸ್ಸು ಬರಲಿಲ್ಲ, ಅದನ್ನು ಮುಚ್ಚುಮರೆ ಇಲ್ಲದೆ ಹೇಳುತ್ತೇನೆ.

ಕೆಲಸ ಹದಿಮೂರು ದಿನ ನಡೆಯಿತು. ಒಳಗಿನ ಪಟ್ಟಿ ಬಿಚ್ಚಿ, ಕೆಳಗಿನ ಚೌಕಟ್ಟನ್ನು ಈಚೆಗೆ ತೆಗೆದು, ಎರಡರ ನಡುವಿನ ತೆಳು ಪಟ್ಟಿ ಎಬ್ಬಿಸಿ, ಮೇಲಿನದನ್ನೂ ತೆಗೆಯುತ್ತಾರೆ. ಪಕ್ಕದ ಕಂಬದ ಬುಡದಲ್ಲಿ ಒಂದು ಪುಟ್ಟ ಮರದ ಮುಚ್ಚಳ ಇರುತ್ತದೆ. ಬಣ್ಣದ ಕೆಳಗೆ ಅದು ಕಾಣುವುದೇ ಇಲ್ಲ. ಅದನ್ನು ತೆಗೆದು ಕೈ ಹಾಕಿದರೆ ಕಬ್ಬಿಣದ ಗುಂಡು ಸಿಗುತ್ತದೆ. ನಮ್ಮ ಬಡಗಿ ಒಂದೊಂದು ಚೌಕಟ್ಟನ್ನೂ ತಕ್ಕಡಿಗೆ ಹಾಕಿ ತೂಗಿದ. ಮೇಲಿನ ಚೌಕಟ್ಟಿಗೆ ಕಟ್ಟುವ ಎರಡು ಗುಂಡುಗಳ ತೂಕ ಚೌಕಟ್ಟಿಗಿಂತ ಚೂರು ಜಾಸ್ತಿ ಇರಬೇಕಂತೆ, ಆಗ ಅದು ಮೇಲೆಯೇ ನಿಲ್ಲುತ್ತದೆ. ಕೆಳಗಿನದಕ್ಕೆ ಚೂರು ಕಡಿಮೆ, ಆಗ ಅದು ಕೆಳಗೇ ಕೂರುತ್ತದೆ. ಇಷ್ಟು ಸಣ್ಣ ಲೆಕ್ಕದ ಮೇಲೆ ಇಡೀ ಕಿಟಕಿ ನಿಂತಿದೆ. ನೋಡುತ್ತಾ ನಿಂತಾಗ ನನಗೆ ಬಹಳ ಖುಷಿಯಾಯಿತು.

ಮಕ್ಕಳಿರುವ ಮನೆಯವರು ಇದನ್ನು ಗಮನವಿಟ್ಟು ಓದಿ. 1960ರ ದಶಕದವರೆಗೂ ಇಲ್ಲಿನ ಬಣ್ಣಗಳಲ್ಲಿ ಸೀಸ ಹಾಕುತ್ತಿದ್ದರು. ನೂರು ವರ್ಷದ ಕಿಟಕಿಯಲ್ಲಿ ಆ ಪದರ ಎಲ್ಲೋ ಒಂದು ಕಡೆ ಇದ್ದೇ ಇರುತ್ತದೆ ಅಂದುಕೊಂಡೇ ಕೆಲಸ ಮಾಡಬೇಕು. ಒಣ ಸ್ಯಾಂಡ್ ಪೇಪರ್‌ನಲ್ಲಿ ಉಜ್ಜಿದರೆ ಆ ಪುಡಿ ಮನೆಯೆಲ್ಲ ಹರಡುತ್ತದೆ. ನೆಲದಲ್ಲಿ ಆಡುವ ಮಗು ಅದನ್ನು ಬಾಯಿಗೆ ಹಾಕಿಕೊಳ್ಳುತ್ತದೆ. ನಾವು ಪರೀಕ್ಷೆಯ ಕಿಟ್ ತಂದು ನೋಡಿದೆವು, ಸೀಸ ಇತ್ತು. ಚೌಕಟ್ಟುಗಳನ್ನು ಅವರ ವರ್ಕ್‌ಶಾಪಿಗೆ ಒಯ್ದು ಅಲ್ಲೇ ಬಣ್ಣ ತೆಗೆದರು, ಅಷ್ಟು ದಿನ ಇಲ್ಲಿ ಪ್ಲೈವುಡ್ ಹೊಡೆದಿದ್ದರು. ಕಂಬಗಳನ್ನು ಮಾತ್ರ ಇಲ್ಲೇ, ನೀರು ಚಿಮುಕಿಸಿ ಕೆರೆದರು. ಆ ದಿನಗಳಲ್ಲಿ ಮಗಳನ್ನು ಆ ಕೋಣೆಗಳಿಗೆ ಬಿಡಲೇ ಇಲ್ಲ.

ಮೊದಲ ಚಳಿಗಾಲದಲ್ಲೇ ವ್ಯತ್ಯಾಸ ಗೊತ್ತಾಯಿತು. ಗಡಗಡ ಶಬ್ದ ಪೂರ್ತಿ ನಿಂತಿತು. ಪರದೆ ಅಲ್ಲಾಡುವುದು ನಿಂತಿತು. ಮೊದಲು ಹೀಟರ್ 21ಕ್ಕೆ ಇಟ್ಟರೂ ಸೋಫಾ ಮೇಲೆ ಶಾಲು ಬೇಕಿತ್ತು. ಈಗ 19 ಸಾಕು. ಸಂದಿನಿಂದ ನುಗ್ಗುವ ಗಾಳಿಯೇ ಅರ್ಧ ತೊಂದರೆ ಅನ್ನುವುದು ನನಗೆ ಆಗ ಅರ್ಥವಾಯಿತು. ಹಳೇ ಕಟ್ಟಡಗಳನ್ನು ಕಾಪಾಡುವ ಇಂಗ್ಲಿಷ್ ಹೆರಿಟೇಜ್‌ಗಾಗಿ ಗ್ಲಾಸ್ಗೋ ಕ್ಯಾಲಿಡೋನಿಯನ್ ಯೂನಿವರ್ಸಿಟಿಯಲ್ಲಿ ಒಂದು ಸ್ಯಾಶ್ ಕಿಟಕಿ ಇಟ್ಟು ಪರೀಕ್ಷೆ ಮಾಡಿದ್ದರು. ಬ್ರಷ್ ಪಟ್ಟಿ ಹಾಕಿದ ಮೇಲೆ ಗಾಳಿ ಸೋರುವುದು ಶೇಕಡಾ 86ರಷ್ಟು ಇಳಿದಿತ್ತು. ನಮ್ಮ ಮನೆಯ ಅನುಭವವೂ ಅದನ್ನೇ ಹೇಳುತ್ತದೆ.

ಆದರೆ ಗಾಜು ಒಂಟಿ ಪದರವೇ. ಹತ್ತಿರ ಕೂತರೆ ಥಂಡಿ ತಟ್ಟುತ್ತದೆ. 2022ರ ಡಿಸೆಂಬರ್‌ನಲ್ಲಿ ಒಂದು ವಾರಕ್ಕೂ ಜಾಸ್ತಿ ಕೊರೆಯುವ ಚಳಿ ಬಂತು. ಬೆಳಗ್ಗೆ ಬೆಡ್‌ರೂಮಿನ ಗಾಜಿನಿಂದ ನೀರು ಇಳಿದು ಹಲಗೆ ಮೇಲೆ ನಿಲ್ಲುತ್ತಿತ್ತು. ಸಂದು ಮುಚ್ಚಿದ ಮೇಲೆ ಈ ನೀರು ಮೊದಲಿಗಿಂತ ಜಾಸ್ತಿಯೇ ಆಯಿತು. ಕಾರಣ ಸರಳ. ಮೊದಲು ಮನೆಯ ಹಬೆ ಸಂದುಗಳಿಂದ ಹೊರಗೆ ಹೋಗುತ್ತಿತ್ತು, ಈಗ ಒಳಗೇ ಉಳಿಯಿತು. ನಮ್ಮ ಮನೆಗಳಲ್ಲಿ ಕುಕ್ಕರ್, ಸಾರು ಕುದಿಯುವುದು, ಒಳಗೇ ಬಟ್ಟೆ ಒಣಗಿಸುವುದು ಎಲ್ಲ ಇದ್ದೇ ಇರುತ್ತದಲ್ಲ. ಮೂಲೆಯಲ್ಲಿ ಕಪ್ಪು ಬೂಷ್ಟು ಕಾಣಿಸಿಕೊಂಡಾಗ ನಿಜಕ್ಕೂ ಗಾಬರಿಯಾದೆ. ಈಗ ದಿನಾ ಬೆಳಗ್ಗೆ ಮೇಲಿನ ಚೌಕಟ್ಟನ್ನು ಒಂದು ಇಂಚು ಇಳಿಸಿ ಹತ್ತು ನಿಮಿಷ ಬಿಡುತ್ತೇನೆ. ಬಟ್ಟೆ ಒಣಗಿಸುವ ಕೋಣೆಗೆ ತೇವ ಹೀರುವ ಮೆಷಿನ್ ಇಟ್ಟಿದ್ದೇವೆ. ಬೂಷ್ಟು ಮತ್ತೆ ಬಂದಿಲ್ಲ.

2023ರಲ್ಲಿ ಮುಂದಿನ ಬೆಡ್‌ರೂಮಿನ ಎರಡು ಕಿಟಕಿಗೆ ಒಳಗಿನಿಂದ ಸೆಕೆಂಡರಿ ಗ್ಲೇಜಿಂಗ್ ಹಾಕಿಸಿದೆವು. ಅಂದರೆ ಹಳೇ ಕಿಟಕಿಯನ್ನು ಮುಟ್ಟದೆ, ಒಳಗಡೆ ತೆಳು ಅಲ್ಯೂಮಿನಿಯಂ ಚೌಕಟ್ಟಿನಲ್ಲಿ ಇನ್ನೊಂದು ಗಾಜು. ಎರಡೂ ಗಾಜಿನ ನಡುವೆ ಹತ್ತು ಸೆಂಟಿಮೀಟರ್ ಜಾಗ ಬಿಡಿಸಿದೆವು, ಬಸ್ಸಿನ ಸದ್ದು ತಡೆಯಲು ಅಷ್ಟಾದರೂ ಬೇಕು. ಹಾಕಿದ ರಾತ್ರಿ ಆ ನಿಶ್ಶಬ್ದ ಕೇಳಿ ಮಗಳು "ಅಮ್ಮಾ, ಬಸ್ಸೆಲ್ಲ ಎಲ್ಲಿಗೆ ಹೋದ್ವು?" ಅಂದಳು. ಚಳಿಗೂ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಅಂಥದ್ದೇ ಸಂಸ್ಥೆ ಹಿಸ್ಟಾರಿಕ್ ಸ್ಕಾಟ್ಲೆಂಡ್ 2008ರಲ್ಲಿ ಮಾಡಿಸಿದ ಪರೀಕ್ಷೆಯಲ್ಲಿ ಒಂಟಿ ಗಾಜಿನಿಂದ ಸೋರುವ ಶಾಖವನ್ನು ಸೆಕೆಂಡರಿ ಗ್ಲೇಜಿಂಗ್ ಶೇಕಡಾ 63ರಷ್ಟು ತಗ್ಗಿಸಿತ್ತು. ಕಿಟಕಿಗೆ ಒಳಗಿನಿಂದ ಮುಚ್ಚುವ ಮರದ ಬಾಗಿಲು (ಶಟರ್) ಮುಚ್ಚಿದರೆ 51, ದಪ್ಪ ಪರದೆಗೆ 14. ನಿಮ್ಮ ಮನೆಯಲ್ಲಿ ಹಳೇ ಮರದ ಒಳಬಾಗಿಲು ಉಳಿದಿದ್ದರೆ ದಯವಿಟ್ಟು ಅದನ್ನು ಕೀಳಿಸಬೇಡಿ. ಬಣ್ಣ ತೆಗೆಸಿ, ರಾತ್ರಿ ಮುಚ್ಚಿ.

ಈಗ ಬೇಸಿಗೆಯ ವಿಷಯ. ಇದನ್ನು ನನಗೆ ಯಾರೂ ಮೊದಲೇ ಹೇಳಿರಲಿಲ್ಲ. 2022ರ ಜುಲೈ 19ರಂದು ಲಿಂಕನ್‌ಶೈರ್‌ನ ಕೋನಿಂಗ್ಸ್‌ಬಿಯಲ್ಲಿ 40.3 ಡಿಗ್ರಿ ದಾಖಲಾಯಿತು. ಈ ದೇಶದಲ್ಲಿ ಅಷ್ಟು ಬಿಸಿ ಅದಕ್ಕೆ ಮುಂಚೆ ಬಂದೇ ಇರಲಿಲ್ಲ. ರೀಡಿಂಗ್ ಕೂಡ ಬೆಂದುಹೋಗಿತ್ತು. ಹಗಲೆಲ್ಲ ಪರದೆ ಎಳೆದು, ಕತ್ತಲಾದ ಮೇಲೆ ಬೆಡ್‌ರೂಮಿನ ಮೇಲಿನ ಚೌಕಟ್ಟನ್ನು ಒಂದು ಗೇಣು ಇಳಿಸಿದೆ, ಕೆಳಗಿನದನ್ನು ಅಷ್ಟೇ ಎತ್ತಿದೆ. ಚಾವಣಿಗೆ ಅಂಟಿಕೊಂಡಿದ್ದ ಬಿಸಿಗಾಳಿ ಮೇಲಿನಿಂದ ಹೊರಗೆ ಹೋಗುತ್ತದೆ, ಹೊರಗಿನ ತಂಪು ಕೆಳಗಿನಿಂದ ಒಳಗೆ ಬರುತ್ತದೆ. ಕೆಳಗಿನ ಸಂದಿಗೆ ಕೈ ಹಿಡಿದರೆ ತಣ್ಣಗೆ ಗಾಳಿ ಹರಿದು ಬರುವುದು ಬೆರಳಿಗೆ ಗೊತ್ತಾಗುತ್ತಿತ್ತು. ಫ್ಯಾನ್ ಇಲ್ಲದೆ ಮಲಗಿದೆವು. ಮೇಲಿನ ಚೌಕಟ್ಟು ಅಂಟಿಹೋದ ಕಿಟಕಿ ಅರ್ಧ ಕಿಟಕಿ ಮಾತ್ರ. ನಿಮ್ಮದು ಅಂಟಿದ್ದರೆ, ಇನ್ನೇನೂ ಮಾಡಿಸದಿದ್ದರೂ ಅದನ್ನು ಬಿಡಿಸಿ. ಊಟದ ಕೋಣೆಯಲ್ಲಿ ಒಗ್ಗರಣೆ ಘಾಟು ಹೋಗುವುದಕ್ಕೂ ನಾನು ತೆಗೆಯುವುದು ಮೇಲಿನದನ್ನೇ. ಮಹಡಿಯ ಕಿಟಕಿಗಳಿಗೆ ಹತ್ತು ಸೆಂಟಿಮೀಟರ್‌ಗಿಂತ ಜಾಸ್ತಿ ಏಳದ ಹಾಗೆ ಸ್ಟಾಪರ್ ಹಾಕಿಸಿದ್ದೇವೆ. ದೊಡ್ಡವರು ಇರುವಾಗ ಮಾತ್ರ ಕೀಲಿ ತಿರುಗಿಸಿ ಅದನ್ನು ತೆಗೆಯುತ್ತೇವೆ.

ಹಿಂದಿನ ಬೆಡ್‌ರೂಮಿನ ಹೊಸ ಕಿಟಕಿ ಅಕೋಯ ಅನ್ನುವ ಮರದ್ದು. ಬೇಗ ಬೆಳೆಯುವ ಪೈನ್ ಮರಕ್ಕೆ ರಾಸಾಯನಿಕ ಸಂಸ್ಕಾರ ಕೊಟ್ಟು ನೀರಿಗೆ ಉಬ್ಬದ ಹಾಗೆ ಮಾಡಿರುತ್ತಾರೆ. ಅದಕ್ಕೆ ತೆಳು ಡಬಲ್ ಗ್ಲೇಜಿಂಗ್ ಕೂರಿಸಿದರು. ಗಾಜಿನ ಭಾರ ಜಾಸ್ತಿಯಾಯಿತು, ಕಬ್ಬಿಣದ ಗುಂಡು ಸಾಲಲಿಲ್ಲ. ಪೆಟ್ಟಿಗೆಯಲ್ಲಿ ಉದ್ದಕ್ಕೆ ಜಾಗ ಇಲ್ಲ. ಹಾಗಾಗಿ ಅದೇ ಅಳತೆಯಲ್ಲಿ ಜಾಸ್ತಿ ತೂಗುವ ಸೀಸದ ಗುಂಡು ಹಾಕಿದರು. ಮನೆಯಲ್ಲಿ ಬೆಚ್ಚಗಿರುವ ಕಿಟಕಿ ಇದೇ. ನಾಲ್ಕು ವರ್ಷಕ್ಕೂ ಬಣ್ಣ ಎಲ್ಲೂ ಬಿರಿದಿಲ್ಲ. ದುಡ್ಡಿದ್ದು, ಮರ ಪೂರ್ತಿ ಕುಂಬಾಗಿದ್ದರೆ ಇದಕ್ಕೆ ಹಾಕಿ, ಖಂಡಿತ ಒಳ್ಳೆಯದು. ಆದರೆ ಗಟ್ಟಿ ಇರುವುದನ್ನು ಕಿತ್ತು ಇದನ್ನು ಹಾಕಿಸುವಷ್ಟು ವ್ಯತ್ಯಾಸ ನನಗೆ ಕಂಡಿಲ್ಲ.

ಅಡುಗೆಮನೆಯ ಯುಪಿವಿಸಿ ಕೂಡ ಬೆಚ್ಚಗೇ ಇತ್ತು, ಬಣ್ಣದ ರಗಳೆಯೂ ಇಲ್ಲ. ಆದರೆ 2023ರಲ್ಲಿ ಎರಡು ಗಾಜಿನ ನಡುವಿನ ಸೀಲ್ ಹೋಗಿ ಒಳಗೆ ಮಂಜು ಕಟ್ಟಿತು. ಒರೆಸಲು ಕೈ ಹೋಗುವುದಿಲ್ಲ. ಗಾಜಿನ ಜೋಡಿಯನ್ನೇ ಬದಲಾಯಿಸಬೇಕು. ಬದಲಾಯಿಸಿದೆವು. ಈಗ ಹಿಡಿ ಸಡಿಲವಾಗಿದೆ, ಆ ಮಾದರಿಯ ಹಿಡಿ ಈಗ ಎಲ್ಲೂ ಸಿಗುತ್ತಿಲ್ಲ.

ಇನ್ನು ರಿಪೇರಿ ತಂಡದ ಬಗ್ಗೆ. ಮರದ ಕೆಲಸಕ್ಕೆ ಐದಕ್ಕೆ ಐದು ಕೊಡುತ್ತೇನೆ. ಬಣ್ಣಕ್ಕೆ ಎರಡು. ಗಾಜು ಕೂರಿಸುವುದು ಅಗಸೆ ಎಣ್ಣೆಯ ಪುಟ್ಟಿಯಲ್ಲಿ. ಅದರ ಮೇಲೆ ಪದರ ಕಟ್ಟಲು ಕೆಲವು ವಾರ ಬೇಕು, ಆಮೇಲೆ ಬಣ್ಣ. ನಮ್ಮಲ್ಲಿ ಒಂದು ವಾರಕ್ಕೇ ಬಣ್ಣ ಬಳಿದು ಹೋದರು. ವರ್ಷದೊಳಗೆ ಎರಡು ಕಿಟಕಿಯಲ್ಲಿ ಬಣ್ಣ ಸುಕ್ಕಾಗಿ ಎದ್ದಿತು. ಫೋನ್ ಮಾಡಿ ಮಾಡಿ, ಮೂರು ತಿಂಗಳ ಮೇಲೆ ಬಂದು ಸರಿ ಮಾಡಿದರು. ದುಡ್ಡು ಕೇಳಲಿಲ್ಲ, ಅದು ಸರಿ. ಆದರೆ ಆ ಮೂರು ತಿಂಗಳು ಮಳೆ ನೀರು ಪುಟ್ಟಿಯ ಕೆಳಗೆ ಇಳಿಯುತ್ತಿತ್ತು, ಅದನ್ನು ನೋಡುತ್ತಾ ಇರುವುದು ತುಂಬಾ ಬೇಸರದ ಕೆಲಸ. ಇನ್ನೊಂದು ತಪ್ಪೂ ಆಗಿತ್ತು. ಒಂದು ಕಿಟಕಿಯ ಹಗ್ಗಕ್ಕೂ ಬಣ್ಣ ತಾಗಿಸಿದ್ದರು. ಬಣ್ಣ ಕುಡಿದ ಹಗ್ಗ ಬಿರುಸಾಗಿ ರಾಟೆಯ ಮೇಲೆ ಬಾಗುವುದಿಲ್ಲ, ಬೇಗ ಹರಿಯುತ್ತದೆ. ಹೋದ ವರ್ಷ ಹರಿದಿದ್ದು ಸರಿಯಾಗಿ ಅದೇ ಹಗ್ಗ. ಉಳಿದವೆಲ್ಲ ಇವತ್ತಿಗೂ ಹೊಸದರ ಹಾಗಿವೆ.

ಆ ಹಗ್ಗವನ್ನು ನಾವೇ ಹಾಕಿದೆವು. ಅಪ್ಪ ಊರಿನಿಂದ ಬಂದಿದ್ದರು. ಮೇಣ ಹಚ್ಚಿದ ಹತ್ತಿ ಹಗ್ಗ ತಂದೆ. ಪಟ್ಟಿಗಳನ್ನು ಬಿಚ್ಚಿ ಚೌಕಟ್ಟನ್ನು ಕುರ್ಚಿಯ ಮೇಲೆ ಒರಗಿಸಿ, ದಾರದ ತುದಿಗೆ ಬಗ್ಗಿಸಿದ ಮೊಳೆ ಕಟ್ಟಿ ರಾಟೆಯ ಮೇಲಿನಿಂದ ಒಳಗೆ ಇಳಿಬಿಟ್ಟೆ. ಮೊಳೆಯ ಭಾರಕ್ಕೆ ದಾರ ಕೆಳಗಿನ ಮುಚ್ಚಳದ ಹತ್ತಿರ ಬಂತು. ಆ ದಾರಕ್ಕೆ ಹಗ್ಗ ಕಟ್ಟಿ ಎಳೆದೆವು. ನಾನು ಗುಂಡಿಗೆ ದೊಡ್ಡ ಗಂಟು ಹಾಕಿದ್ದು ನೋಡಿ ಅಪ್ಪ, "ಅಷ್ಟ್ ದಪ್ಪ ಬೇಡ ಮಗಾ, ಪಕ್ಕದ ಗುಂಡಿಗೆ ತಾಗ್ತದೆ. ಬಿಚ್ಚು, ನಾ ಹಾಕ್ತೀನಿ" ಅಂದರು. ಅಡಿಕೆ ಕೊನೆ ಇಳಿಸುವ ಹಗ್ಗಕ್ಕೆ ಜೀವನವಿಡೀ ಗಂಟು ಹಾಕಿದ ಕೈ. ಅವರು ಹಾಕಿದ ಗಂಟು ಗುಂಡಿನ ತೂತಿನೊಳಗೇ ಕೂತಿತು. ಎರಡು ಗಂಟೆಯ ಕೆಲಸ, ಹನ್ನೊಂದು ಪೌಂಡಿನ ಹಗ್ಗ. ಕಿಟಕಿ ಎತ್ತಿ ಬಿಟ್ಟಾಗ ನಿಂತಲ್ಲೇ ನಿಂತಿತು. ಅಪ್ಪ ಅದನ್ನು ಮತ್ತೆ ನಾಲ್ಕು ಸಲ ಎತ್ತಿ ಇಳಿಸಿ ನೋಡಿದರು. ಒಂದು ಭಾಗ ಹೋದರೆ ಆ ಭಾಗವನ್ನಷ್ಟೇ ಬದಲಾಯಿಸಬಹುದಾದ ವಸ್ತು ಈಗ ಮನೆಯಲ್ಲಿ ಎಷ್ಟಿವೆ ಹೇಳಿ? ಈ ಕಿಟಕಿ ಹಾಗಿದೆ.

ನೀವು ಮಾಡಿಸುವ ಮುಂಚೆ ಕಾನೂನಿನ ಕಡೆಯೂ ನೋಡಿಕೊಳ್ಳಿ. ಮನೆ ಲಿಸ್ಟೆಡ್ ಆಗಿದ್ದರೆ, ಅಂದರೆ ಕಾಪಾಡಬೇಕಾದ ಹಳೇ ಕಟ್ಟಡಗಳ ಸರ್ಕಾರಿ ಪಟ್ಟಿಯಲ್ಲಿದ್ದರೆ, ಕಿಟಕಿ ಬದಲಾಯಿಸಲು ಅನುಮತಿ ಬೇಕೇ ಬೇಕು. ನಿಮ್ಮ ಬೀದಿಗೆ ಆರ್ಟಿಕಲ್ 4 ನಿರ್ದೇಶನ (ಸಣ್ಣ ಬದಲಾವಣೆಗೂ ಅನುಮತಿ ಬೇಕು ಅನ್ನುವ ಸ್ಥಳೀಯ ಆದೇಶ) ಇದ್ದರೂ ಕೌನ್ಸಿಲ್‌ನಲ್ಲಿ ಕೇಳಬೇಕು. ಹೊಸ ಕಿಟಕಿ ಹಾಕಿಸಿದರೆ ಕೆಲಸ ಕಟ್ಟಡ ನಿಯಮದ ಪ್ರಕಾರ ಆಗಿದೆ ಅನ್ನುವ ಫೆನ್ಸಾ ಸರ್ಟಿಫಿಕೇಟ್ ಅಥವಾ ಬಿಲ್ಡಿಂಗ್ ಕಂಟ್ರೋಲ್ ಕಾಗದ ಇಟ್ಟುಕೊಳ್ಳಿ, ಮನೆ ಮಾರುವಾಗ ವಕೀಲರು ಕೇಳುತ್ತಾರೆ. ಫ್ಲಾಟಿನಲ್ಲಿ ಇರುವವರು ಲೀಸ್ ಓದಿ. ಎಷ್ಟೋ ಕಡೆ ಕಿಟಕಿಯ ಹೊಣೆ ಕಟ್ಟಡದ ಮಾಲೀಕರದ್ದು, ನಿಮ್ಮದಲ್ಲ.

ಬಾಡಿಗೆ ಮನೆಯವರು, ಎರಡು ವರ್ಷದಲ್ಲಿ ಹೊರಡುವವರು ಇಷ್ಟೆಲ್ಲ ಮಾಡಿಸಬೇಕಿಲ್ಲ. ಚಳಿಗಾಲಕ್ಕೆ ಅಯಸ್ಕಾಂತದ ಪಟ್ಟಿಯಲ್ಲಿ ಅಂಟಿಸುವ ಅಕ್ರಿಲಿಕ್ ಹಾಳೆ ಸಿಗುತ್ತದೆ. ಊಟದ ಕೋಣೆಗೆ ನಾವು ಅದನ್ನೇ ಹಾಕುತ್ತೇವೆ, ಮಾರ್ಚ್ ಬಂದ ಮೇಲೆ ತೆಗೆದು ಮಂಚದ ಕೆಳಗೆ ಇಡುತ್ತೇವೆ.

ಮುಂದಿನ ಕೋಣೆಯ ಎರಡು ಗಾಜು ಮಾತ್ರ ಹಳೆಯವು, ಉಳಿದವು ಯಾವಾಗಲೋ ಬದಲಾಗಿವೆ. ಆ ಎರಡರಲ್ಲಿ ಸಣ್ಣ ಅಲೆಗಳಿವೆ. ತಲೆ ಸ್ವಲ್ಪ ಅಲ್ಲಾಡಿಸಿದರೆ ಎದುರು ಮನೆಯ ಇಟ್ಟಿಗೆ ಸಾಲು ನೀರಿನಲ್ಲಿ ಕಂಡ ಹಾಗೆ ಅಲುಗುತ್ತದೆ. ರಿಪೇರಿಯವರು ಅವನ್ನು ಒಡೆಯದೆ ಬಿಡಿಸಿ ಮತ್ತೆ ಕೂರಿಸಿದರು. ಅದಕ್ಕೆ ಅವರಿಗೆ ನಾನು ಯಾವತ್ತೂ ಋಣಿ.

ಸದ್ಯಕ್ಕೆ ಬಾಕಿ ಇರುವ ಕೆಲಸ ಒಂದೇ. ಮನೆಯ ಮುಂಭಾಗ ದಕ್ಷಿಣಕ್ಕಿದೆ, ಬಿಸಿಲು ಮಳೆ ಎರಡೂ ಅಲ್ಲಿಗೇ ಹೊಡೆಯುವುದು. ನಡುವಿನ ಕಿಟಕಿಯ ಹೊರ ಹಲಗೆ ಕಂಬಕ್ಕೆ ಸೇರುವ ಜಾಗದಲ್ಲಿ ಬಣ್ಣದಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿದೆ. ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿದೆ, ಟಕ್ ಅಂತ ನಿಂತಿತು. ಪ್ರೈಮರ್ ತಂದಿಟ್ಟಿದ್ದೇನೆ. ಎರಡು ದಿನ ಮಳೆ ಇಲ್ಲದ ಶನಿವಾರ ಸಿಕ್ಕ ತಕ್ಷಣ ಹಚ್ಚಬೇಕು.